ಇಪ್ಪತ್ತೈದು ನಿಮಿಷದ ದಾರಿ

ಪಕ್ಕದ ಕುರ್ಚಿಯವನ ಮೊಣಕೈ ತನ್ನ ಕುರ್ಚಿಯ ತೋಳಿನ ಮೇಲೆ ಬಂದು ಕೂತಿದ್ದನ್ನು ಯೊರುನ್ ಆಗಲೇ ಗಮನಿಸಿದ್ದಳು. ಗಮನಿಸಿ, ತನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಆಮೇಲೆ ಅವನಿಗೆ ಇನ್ನಷ್ಟು ಅನುಕೂಲವಾಗಲೆಂದು ಮೈಯನ್ನೂ ಒಂದಿಷ್ಟು ಆಚೆಗೆ ವಾಲಿಸಿದ್ದಳು. ಅವನು ಕೇಳಿರಲಿಲ್ಲ, ನೋಡಿಯೂ ಇರಲಿಲ್ಲ. ಎಡಗೈಗೆ ದಪ್ಪನೆಯ ಬ್ಯಾಂಡೇಜು ಸುತ್ತಿಸಿಕೊಂಡು, ಕಣ್ಣು ಮುಚ್ಚಿ, ಆಸ್ಪತ್ರೆಯ ಸೋಪಿನ ವಾಸನೆ ಬೀರುತ್ತ ಕೂತಿದ್ದ. ಶನಿವಾರದ ಮಧ್ಯಾಹ್ನ. ಕಡಲತೀರದ ಬೋಡೊ ಪೇಟೆಯ ವಿಮಾನ ನಿಲ್ದಾಣದ ಈ ಮೂಲೆ ದ್ವೀಪಗಳಿಗೆ ಹೋಗುವವರದು. ಕಿಟಕಿಯಾಚೆ ಪುಟ್ಟ ವಿಮಾನ ಗಾಳಿಗೆ ರೆಕ್ಕೆ ಅಲುಗಿಸುತ್ತ ನಿಂತಿತ್ತು. ರೋಸ್ಟ್ ದ್ವೀಪಕ್ಕೆ ನೂರು ಕಿಲೋಮೀಟರು ಚಿಲ್ಲರೆ ಸಮುದ್ರ, ಇಪ್ಪತ್ತೈದು ನಿಮಿಷದ ಹಾರಾಟ. ಶಾಲೆಯ ಒಂದು ಪೀರಿಯಡ್ಡು ಇದಕ್ಕಿಂತ ಉದ್ದ. ಪೀರಿಯಡ್ಡುಗಳೆಂದರೆ ಅವಳಿಗೆ ಭಯ. ಇತಿಹಾಸ ಓದಿ ಒಳ್ಳೆಯ ದರ್ಜೆಯಲ್ಲಿ ಪಾಸಾಗಿ, ಬದಲಿ ಟೀಚರಾಗಿ ಸೇರಿದವಳು, ತರಗತಿಯಲ್ಲಿ ಪ್ರಶ್ನೆ ಕೇಳಿ, ಮಕ್ಕಳು ಸುಮ್ಮನೆ ಕೂತರೆ ಆ ಮೌನ ತಡೆಯಲಾರದೆ ಉತ್ತರವನ್ನು ತಾನೇ ಹೇಳಿಬಿಡುತ್ತಿದ್ದಳು. ಮಕ್ಕಳಿಗೆ ಇದು ಬೇಗ ತಿಳಿದುಹೋಯಿತು. ಈಗೀಗ ಯಾರೂ ಕೈ ಎತ್ತುವುದಿಲ್ಲ. ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ ಮುಖ್ಯೋಪಾಧ್ಯಾಯರು ಹೊರಗೆ ಬಂದ ಮೇಲೆ ಬಹಳ ಮೆದುವಾಗಿ, ಇವತ್ತು ಚೆನ್ನಾಗಿ ಉತ್ತರ ಕೊಟ್ಟವರು ನೀವೊಬ್ಬರೇ ಎಂದಿದ್ದರು. ಅದಕ್ಕೂ ಅವಳು ಥ್ಯಾಂಕ್ಸ್ ಹೇಳಿದ್ದಳು.

ಮಡಿಲಲ್ಲಿ ರಟ್ಟಿನ ಪೆಟ್ಟಿಗೆಯಿತ್ತು. ಅದರೊಳಗೆ ಅಜ್ಜಿಯ ಕಾಲದ, ಮಗುವಿನ ಉದ್ದಕ್ಕಿಂತ ಎರಡು ಪಾಲು ಉದ್ದದ ಬಿಳಿಯ ಅಂಗಿ. ಅಂಚಿನ ಕಸೂತಿ ಬಿಚ್ಚಿಹೋಗಿದ್ದುದನ್ನು ಪೇಟೆಯ ದರ್ಜಿಯ ಹತ್ತಿರ ಹೊಲಿಸಿ ಒಯ್ಯುತ್ತಿದ್ದಳು. ನಾಳೆ ಬೆಳಗ್ಗೆ ರೋಸ್ಟ್‌ನ ಚರ್ಚಿನಲ್ಲಿ ಅಕ್ಕ ಸಿಸೆಲ್‌ಳ ಮಗುವಿಗೆ ದೀಕ್ಷಾಸ್ನಾನ. ಈ ಅಂಗಿ ತೊಟ್ಟ ಮಗುವನ್ನು ಎತ್ತಿಕೊಂಡು ಪಾದ್ರಿಯ ಮುಂದೆ ಹೋಗಿ ನಿಲ್ಲುವ ಧರ್ಮತಾಯಿ ಯೊರುನ್. ಅದನ್ನು ಮನಸ್ಸಿನಲ್ಲೇ ಹೇಳಿಕೊಂಡಾಗಲೆಲ್ಲ ಅವಳಿಗೆ ಯಾರದೋ ಬಟ್ಟೆ ಉಟ್ಟುಕೊಂಡಂತಾಗುತ್ತಿತ್ತು. ಅಕ್ಕ-ತಂಗಿಯರು ಅಂಥ ಸಲಿಗೆಯಲ್ಲಿ ಬೆಳೆದವರಲ್ಲ. ಸಿಸೆಲ್ ಗಟ್ಟಿ ಗಂಟಲಿನವಳು, ನಗುವುದೂ ಜಗಳವಾಡುವುದೂ ಒಂದೇ ಉಸಿರಿಗೆ. ಇವಳು ಅವಳ ಬೆನ್ನ ಹಿಂದೆ ನಿಂತು ದೊಡ್ಡವಳಾದವಳು. ಆದರೆ ದ್ವೀಪದಲ್ಲಿ ಹೆರಿಗೆ ಮಾಡಿಸುವವರಿಲ್ಲ. ದಿನ ಹತ್ತಿರ ಬರುವ ಮೊದಲೇ ಬಸುರಿಯರು ವಿಮಾನ ಹತ್ತಿ ಬೋಡೊಗೆ ಬಂದು ಕಾಯಬೇಕು. ಕಳೆದ ಶರತ್ಕಾಲದಲ್ಲಿ ಆಸ್ಪತ್ರೆಯವರು ಕೊಟ್ಟ ಕೋಣೆ ಬಿಟ್ಟು ಸಿಸೆಲ್ ಸೀದಾ ಇವಳ ಒಂಟಿ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಒಣಮೀನಿನ ಕಟ್ಟು. ಇಲ್ಲೇ ಇರ್ತೀನಿ, ಅಲ್ಲಿ ಎಲ್ಲರೂ ಬರೀ ನೋವಿನ ಮಾತಾಡ್ತಾರೆ ಎಂದಿದ್ದಳು. ಹಾಸಿಗೆ ಅಕ್ಕನಿಗೆ, ನೆಲ ಇವಳಿಗೆ. ಮೂರು ವಾರ. ಕತ್ತಲಾದ ಮೇಲೆ ಇಬ್ಬರೂ ಮಾತಿಲ್ಲದೆ ಮೇಲಿನ ಮನೆಯ ರೇಡಿಯೋ ಕೇಳುತ್ತ ಬಿದ್ದಿರುತ್ತಿದ್ದರು. ಗಟ್ಟಿ ಗಂಟಲಿನ ಸಿಸೆಲ್ ಹೆದರಿದ್ದಾಳೆ ಎಂಬುದು ಅವಳ ಉಸಿರಿನಿಂದ ಗೊತ್ತಾಗುತ್ತಿತ್ತು. ಇವಳು ನೆಲದಿಂದ ಕೈ ಮೇಲಕ್ಕೆತ್ತಿ ಮಂಚದ ಅಂಚಿನ ಮೇಲಿಡುತ್ತಿದ್ದಳು. ಸಿಸೆಲ್ ಅದನ್ನು ಹಿಡಿದುಕೊಳ್ಳುತ್ತಿದ್ದಳು. ಬೆಳಗಾದರೆ ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ. ಮಗು ಹುಟ್ಟಿದಾಗ ನೀಲಿಗಟ್ಟಿತ್ತು. ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದ ಅದರ ಪಕ್ಕದಲ್ಲಿ ಎರಡು ದಿನ ಯೊರುನ್ ಕೂತಿದ್ದಳು. ಮೂರನೆಯ ದಿನ ಗೋಡೆ ಹಿಡಿದು ನಡೆದುಬಂದ ಸಿಸೆಲ್ ಮಗುವನ್ನೇ ನೋಡುತ್ತ ಹೇಳಿದ್ದಳು: "ಇವನನ್ನ ಚರ್ಚಿಗೆ ಎತ್ಕೊಂಡು ಹೋಗೋಳು ನೀನೇ. ಬೇರೆ ಯಾರೂ ಅಲ್ಲ."

ಬೇರೆ ಯಾರೂ ಅಲ್ಲ. ಇಪ್ಪತ್ತಾರು ವರ್ಷದ ಯೊರುನ್‌ಗೆ ಆ ಮಾತನ್ನು ಯಾರೂ ಯಾವುದಕ್ಕೂ ಹೇಳಿರಲಿಲ್ಲ. ಸಿಸೆಲ್‌ಳ ಅತ್ತೆ ಮಗ್ನ್‌ಹಿಲ್ಡ್ ಆ ಮನೆಯ ಮಕ್ಕಳನ್ನೆಲ್ಲ ತಾನೇ ಎತ್ತಿಕೊಂಡು ಹೋದವಳು, ಈ ಸಲವೂ ಕೈಚಾಚಿಯೇ ಇದ್ದಳು. ಸೊಸೆಯ ಮಾತು ಕೇಳಿ ತಿಂಗಳುಗಟ್ಟಲೆ ಮುಖ ಗಂಟಿಕ್ಕಿದ್ದಳಂತೆ. ಮುಂದೂಡುವ ಹಾಗೂ ಇರಲಿಲ್ಲ. ಪಾದ್ರಿ ಪಕ್ಕದ ದ್ವೀಪದವರು, ಮೂರು ವಾರಕ್ಕೊಮ್ಮೆ ಬಂದು ಆ ಮಧ್ಯಾಹ್ನದ ಹಡಗಿಗೇ ಹೊರಟುಬಿಡುತ್ತಾರೆ. ಮೀನಿನ ಸುಗ್ಗಿಯ ಕಾಲ, ಮಗುವಿನ ಅಪ್ಪನಿಗೆ ಸಮುದ್ರದಿಂದ ಬಿಡುವು ಭಾನುವಾರ ಮಾತ್ರ. ಆದ್ದರಿಂದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಪಾಲಿಗೆ ಬಂದ ಈ ಒಂದು ಸಂಗತಿ ಎಲ್ಲಿ ಚೆಲ್ಲಿಹೋಗುತ್ತದೋ ಎಂಬಂತೆ ಅವಳು ಕೂತಿದ್ದಳು.

ಕೌಂಟರಿನ ಹೆಂಗಸು ಮೈಕಿಲ್ಲದೆ, ಅಡುಗೆಮನೆಯಿಂದ ಊಟಕ್ಕೆ ಕರೆಯುವವಳಂತೆ, ಎದ್ದು ಬಂದು ಮಾತಾಡಿದಳು. "ಗಾಳಿ ತಿರುಗಿದೆ ನೋಡಿ. ಅಲ್ಲಿ ಇಳಿಯೋಕೆ ಆಗದಿದ್ರೆ ವಾಪಸ್ ಬರೋಷ್ಟು ಎಣ್ಣೆ ಹಾಕ್ಕೋತೀನಿ ಅಂತಾರೆ ಪೈಲಟ್ಟು. ಅಷ್ಟು ಎಣ್ಣೆ ಹತ್ತಿದ್ರೆ ಒಬ್ರು ಹತ್ತೋ ಹಾಗಿಲ್ಲ. ಮುಂದಿನ ವಿಮಾನ ಸೋಮವಾರ. ಯಾರಾದ್ರೂ ಉಳ್ಕೋತೀರಾ?"

ಇಪ್ಪತ್ತೈದು ನಿಮಿಷ ಹೋಗುವುದಕ್ಕೆ, ಇಪ್ಪತ್ತೈದು ಬರುವುದಕ್ಕೆ, ನಡುವೆ ಮೋಡದೊಳಗೆ ಸುತ್ತುವುದಕ್ಕೆ ಇನ್ನಷ್ಟು. ಅದೆಲ್ಲ ಸೇರಿ ಒಬ್ಬ ಮನುಷ್ಯನ ತೂಕ. ಕೋಣೆ ಸುಮ್ಮನಾಯಿತು. ಈ ಮೌನಕ್ಕೊಂದು ರೀತಿಯಿದೆ, ದ್ವೀಪದವರಿಗೆಲ್ಲ ಅದು ಗೊತ್ತು. ಇನ್ನೊಬ್ಬನಿಗೆ ನೀನು ಉಳಿ ಎನ್ನುವುದು ನಾಚಿಕೆಗೇಡು. ನಿನಗೆ ಏನು ಕೆಲಸವಿತ್ತು ಎಂದು ಕೇಳುವುದು ಅದಕ್ಕಿಂತ ನಾಚಿಕೆಗೇಡು. ಎಲ್ಲರೂ ತಂತಮ್ಮ ಬೂಟು ನೋಡಿಕೊಳ್ಳುತ್ತ ಒಳಗೇ ತೂಗಿ ನೋಡುತ್ತಾರೆ. ಯಾರ ಕೆಲಸ ಎಲ್ಲಕ್ಕಿಂತ ಹಗುರವೋ ಅವರು ಎದ್ದು ನಿಲ್ಲುತ್ತಾರೆ. ಉಳಿದವರು ಉಪಕಾರ ಹೇಳಿ ಹತ್ತುತ್ತಾರೆ. ಯಾವತ್ತೂ ಹೀಗೇ ನಡೆದಿದೆ, ತಪ್ಪಿದ್ದಿಲ್ಲ. ಯೊರುನ್ ತಲೆಯೆತ್ತದೆಯೇ ಸುತ್ತ ನೋಡಿದಳು: ಹೊಸ ಬಲೆಯ ಸುರುಳಿ ಕಾಲ ನಡುವೆ ಇಟ್ಟುಕೊಂಡ ಇಬ್ಬರು ಗಂಡಸರು, ಕೇಕಿನ ಡಬ್ಬಿ ಹಿಡಿದ ಹೆಂಗಸು, ಮಲಗಿದ ಮಗಳನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ತಂದೆ. ತನಗೆ ಗುರುತಿನವರು ಯಾರೂ ಇಲ್ಲ. ಊರು ಬಿಟ್ಟು ಓದಲು ಹೋಗಿ ಎಷ್ಟೋ ವರ್ಷವಾಯಿತು. ಯಾರೋ ಕೆಮ್ಮಿದರು. ಯಾರೂ ಏಳಲಿಲ್ಲ. ಇಷ್ಟು ಹೊತ್ತು ಯಾರೂ ಏಳದೆ ಇರುವುದುಂಟೇ ಎಂದು ಅವಳಿಗೆ ದಿಗಿಲಾಯಿತು. ಎಲ್ಲರೂ ತನ್ನನ್ನೇ ಕಾಯುತ್ತಿದ್ದಾರೆ, ಇನ್ನೂ ಮದುವೆಯಾಗದ, ಮಡಿಲಲ್ಲಿ ಹಗುರದ ಪೆಟ್ಟಿಗೆಯಿಟ್ಟುಕೊಂಡ ಹುಡುಗಿಗೆ ಅಂಥ ಏನು ಕೆಲಸವಿದ್ದೀತು ಎಂದುಕೊಳ್ಳುತ್ತಿದ್ದಾರೆ. ಚಿಕ್ಕಂದಿನಲ್ಲಿ ಮೀನು ಇಳಿಸುವ ಕಟ್ಟೆಯಲ್ಲೂ ಹೀಗೇ ಆಗುತ್ತಿತ್ತು. ಸುಗ್ಗಿಯಲ್ಲಿ ಶಾಲೆ ಬಿಟ್ಟೊಡನೆ ಮಕ್ಕಳೆಲ್ಲ ಚಾಕು ಹಿಡಿದು ಮೀನಿನ ತಲೆಗಳ ತೊಟ್ಟಿಯ ಸುತ್ತ ನಿಂತು, ಮಾರಲೆಂದು ಅವುಗಳ ನಾಲಿಗೆ ಕೊಯ್ಯುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಜಾಗ. ತಡವಾಗಿ ಬಂದ ಹುಡುಗನೊಬ್ಬ ಹಿಂದೆ ಸುಮ್ಮನೆ ನಿಂತರೆ ಸಾಕು, ಅವನ ಉಸಿರು ಕತ್ತಿನ ಹಿಂಭಾಗಕ್ಕೆ ತಾಗಿದಂತಾಗಿ ಇವಳು ಚಾಕು ಒರೆಸಿ ಪಕ್ಕಕ್ಕೆ ಸರಿಯುತ್ತಿದ್ದಳು. ಅವನು ಕೇಳಿರುತ್ತಿರಲಿಲ್ಲ. ಸಿಸೆಲ್ ತೊಟ್ಟಿಯ ಆಚೆಯಿಂದ, ಕೈತುಂಬ ಮೀನಿನ ಲೋಳೆ, ಕೂಗುತ್ತಿದ್ದಳು. ಏನು ಕೂಗುತ್ತಿದ್ದಳು? ಗಾಳಿಗೆ ಕೇಳುತ್ತಿರಲಿಲ್ಲ. ಈಗ ಕೋಣೆಯಲ್ಲಿ ಗಾಳಿಯಿರಲಿಲ್ಲ, ತನ್ನದೇ ದನಿ ಬೇರೆಯವರದೆಂಬಂತೆ ಸ್ಪಷ್ಟವಾಗಿ ಕೇಳಿಸಿತು: "ನಾನು ಉಳ್ಕೋತೀನಿ."

ಕೋಣೆಗೆ ಉಸಿರು ಬಂತು. ಕೌಂಟರಿನವಳು ಅವಳ ಭುಜ ತಟ್ಟಿ ದೊಡ್ಡ ಉಪಕಾರವಾಯಿತು ಎಂದಳು. ಕೇಕಿನ ಹೆಂಗಸು ಕೈ ಹಿಡಿದು ಅಲುಗಿಸಿದಳು. ಬಲೆಯವರು ಟೋಪಿ ತೆಗೆದರು. ಮಗಳನ್ನು ಹೊತ್ತ ತಂದೆ ಎರಡು ಸಲ ತಲೆಯಾಡಿಸಿದ, ಅವನ ಕಣ್ಣು ಕೆಂಪಾಗಿತ್ತು. ಯೊರುನ್ ನಗುತ್ತಿದ್ದಳು. ನಗು ಮುಖದ ಮೇಲೆ ಅಂಟಿಸಿದಂತೆ ನಿಂತುಬಿಟ್ಟಿತ್ತು. ಅದರ ಹಿಂದೆ ಯಾರೋ, ಅಯ್ಯೋ ಪಾಪಿ, ಇದೇನು ಮಾಡಿಕೊಂಡೆ ಎಂದು ಬಡಿದುಕೊಳ್ಳುತ್ತಿದ್ದರು. ಇವರೆಲ್ಲ ಒಳ್ಳೆಯತನಕ್ಕೆ ಕೈ ಮುಗಿಯುತ್ತಿದ್ದಾರೆ. ಒಳ್ಳೆಯತನವಲ್ಲ ಇದು, ಹೇಡಿತನ. ಬೇರೆಯವರ ವಿಳಾಸದ ಅಂಚೆಯ ಗಂಟೊಂದು ತನ್ನ ಬಾಗಿಲಿಗೆ ಬಂದಿದೆ, ತಾನು ಸಹಿ ಹಾಕಿ ತೆಗೆದುಕೊಳ್ಳುತ್ತಿದ್ದಾಳೆ. ಸಾಲು ಬಾಗಿಲ ಹತ್ತಿರ ಹೋದ ಮೇಲೆ ಕೈಯಲ್ಲಿದ್ದ ಪೆಟ್ಟಿಗೆಯ ನೆನಪಾಯಿತು. ಕೊನೆಯಲ್ಲಿದ್ದವನು ಬ್ಯಾಂಡೇಜಿನವನು. ಓಡಿ ಹೋಗಿ, ಇದನ್ನು ದಕ್ಷಿಣದ ಕಟ್ಟೆಯ ಹತ್ತಿರದ ಸಿಸೆಲ್‌ಗೆ ತಲುಪಿಸುತ್ತೀರಾ ಎಂದು ಕೇಳಿದಳು. ಅವನು ಪೆಟ್ಟಿಗೆ ನೋಡಿದ, ಅವಳನ್ನು ನೋಡಿದ.

"ಸಿಸೆಲ್ ಮಗೂಗೆ ನಾಳೆ ಅಲ್ವಾ? ಮತ್ತೆ ನೀನ್ಯಾರು?"

ತಂಗಿ ಎಂದಳು. ಅವನ ಮುಖ ನಿಧಾನವಾಗಿ ಬದಲಾಯಿತು. ಕೈಯ ಗಾಯ ಸೋಮವಾರದವರೆಗೆ ಎಲ್ಲಿಗೂ ಓಡಿಹೋಗುವುದಿಲ್ಲ, ತಾನು ಉಳಿಯುತ್ತೇನೆ, ಅವಳು ಹತ್ತಲಿ ಎಂದ. ಬಾಗಿಲು ಇನ್ನೂ ತೆರೆದೇ ಇತ್ತು. ಹೂಂ ಎಂದಿದ್ದರೆ ಸಾಕಾಗಿತ್ತು. ಆದರೆ ಅಷ್ಟು ಜನರಿಂದ ಉಪಕಾರ ಹೇಳಿಸಿಕೊಂಡ ಮೇಲೆ ಈಗ ಅವರ ನಡುವೆ ಹೋಗಿ ಕೂರುವುದು ಹೇಗೆ ಎಂದು ಅವಳಿಗೆ ಅನಿಸಿತು, ಅನಿಸುತ್ತಿದ್ದಂತೆಯೇ ಬಾಯಿ "ಪರವಾಗಿಲ್ಲ, ಪರವಾಗಿಲ್ಲ" ಎಂದುಬಿಟ್ಟಿತು. ಅವನು ಇನ್ನೊಮ್ಮೆ ನೋಡಿ, ಪೆಟ್ಟಿಗೆಯನ್ನು ಗಾಯದ ಕೈಯ ಕಂಕುಳಿಗೆ ಸಿಕ್ಕಿಸಿಕೊಂಡು ಹೋದ. ವಿಮಾನ ಓಡಿ, ಹಾರಿ, ಬೂದು ಮೋಡದೊಳಗೆ ಕರಗಿತು. ಅದು ಅಲ್ಲಿ ಇಳಿಯುವಷ್ಟು ಹೊತ್ತು ಅವಳು ಟೆಲಿಫೋನಿನ ಗೂಡಿನ ಮುಂದೆ ನಿಂತೇ ಇದ್ದಳು, ಒಳಗೆ ಹೋಗುವ ಧೈರ್ಯವಿಲ್ಲದೆ. ವಿಮಾನ ಇಳಿಯಲಾಗದೆ ವಾಪಸ್ ಬಂದರೆ ಸಾಕು ಎಂದು ಒಂದು ಕ್ಷಣ ಆಸೆಯಾಯಿತು. ಆ ಮಲಗಿದ ಹುಡುಗಿಯ ಮುಖ ನೆನಪಾಗಿ ತನ್ನ ಆಸೆಗೆ ತಾನೇ ನಾಚಿದಳು. ವಿಮಾನ ಇಳಿಯಿತಂತೆ ಎಂದು ಕೌಂಟರಿನವಳು ಸಂತೋಷದಿಂದ ಹೇಳಿದ ಮೇಲೆ ನಂಬರು ತಿರುಗಿಸಿದಳು.

ಸಿಸೆಲ್ ಎಲ್ಲವನ್ನೂ ಕೇಳಿಸಿಕೊಂಡಳು. ಹಿಂದೆ ಮಗು ಅಳುತ್ತಿತ್ತು, ಪಾತ್ರೆಯ ಸದ್ದು, ಯಾರೋ ಕೇಕಿಗೆ ಮೊಟ್ಟೆ ಕಡೆಯುತ್ತಿದ್ದರು.

"ಯಾಕೆ?" ಎಂದಳು.

"ಯಾರೂ ಏಳ್ಲಿಲ್ಲ."

"ಅದಕ್ಕೆ ನೀನು ಎದ್ದೆ. ನೀನು ಸತ್ರೆ ಶವಪೆಟ್ಟಿಗೇಲೂ ಒಂದು ಪಕ್ಕಕ್ಕೆ ಸರಿದು ಮಲಗ್ತೀಯ ಕಣೇ, ಇನ್ಯಾರಾದ್ರೂ ಬರಬಹುದು ಅಂತ." ಸಿಸೆಲ್ ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು. "ನೆಲದ ಮೇಲೆ ಮಲಗಿದ್ದವಳು ನೀನು. ನಾನು ಕೇಳಿದ್ದು ನಿನ್ನ."

ನಾಳೆ ಬೆಳಗಿನ ಹಡಗಿಗೆ ಬರುತ್ತೇನೆ ಎಂದಳು ಯೊರುನ್. ಆ ಹಡಗು ಮುಟ್ಟುವುದು ಮಧ್ಯಾಹ್ನದ ಮೇಲೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಗಾದ್ರೆ ಇನ್ನೇನು, ಮಗ್ನ್‌ಹಿಲ್ಡ್ ಇದ್ದಾರಲ್ಲ ಎಂದು ಸಿಸೆಲ್ ಫೋನ್ ಇಟ್ಟಳು.

ಬೆಳಗ್ಗೆ ಹಡಗಿನಲ್ಲಿ ಹೆಚ್ಚು ಜನರಿರಲಿಲ್ಲ. ಆಕಾಶದಲ್ಲಿ ಇಪ್ಪತ್ತೈದು ನಿಮಿಷವಾಗಿದ್ದ ದೂರ ಇಲ್ಲಿ ಮುಗಿಯದ ನೀರಾಗಿ ಹರಡಿತ್ತು. ಪ್ರತಿಯೊಂದು ಅಲೆಯನ್ನೂ ಹತ್ತಿ ಇಳಿದೇ ದಾಟಬೇಕು, ಒಂದನ್ನೂ ಬಿಡುವ ಹಾಗಿಲ್ಲ. ಇದು ತನಗೆ ತಕ್ಕದ್ದೇ ಎಂದು ಯೊರುನ್ ಅಂದುಕೊಂಡಳು. ಅಂದುಕೊಂಡದ್ದರಲ್ಲೂ ಒಂದು ಸುಖವಿತ್ತು, ಆ ಸುಖದ ಮೇಲೂ ಅವಳಿಗೆ ಅಸಹ್ಯವಾಯಿತು. ಕ್ಯಾಂಟೀನಿನ ಹೆಂಗಸು ಬಿಸಿ ದೋಸೆಯಂಥ ವಾಫಲ್ ಹುಯ್ಯುತ್ತ, ಕೇಳುವವರು ಬೇರೆ ಯಾರೂ ಇಲ್ಲದ್ದರಿಂದ ಇವಳೊಡನೆ ಮಾತಿಗೆ ತೊಡಗಿದಳು. ಅವಳ ತಮ್ಮನ ಮಗಳಿಗೆ ಕಿವಿಯ ಆಪರೇಷನ್ ಆಗಿತ್ತಂತೆ. ಹದಿನೈದು ದಿನ ಅಮ್ಮನನ್ನು ಬಿಟ್ಟಿದ್ದ ಮಗು. ನಿನ್ನೆ ವಿಮಾನ ಹತ್ತುವಾಗ ಒಬ್ಬರು ಉಳಿಯಬೇಕಾಗಿ ಬಂದು, ತನ್ನ ಸರದಿಯೇ ಬಂತೆಂದು ತಮ್ಮ ಬೆವರಿಹೋಗಿದ್ದನಂತೆ. "ಅಷ್ಟರಲ್ಲಿ ಯಾರೋ ಹುಡುಗಿ ಎದ್ದು ನಿಂತ್ಲಂತೆ. ಅವಳಿಗೇನು, ಕೆಲ್ಸ ಇಲ್ದೋಳಿರ್ಬೇಕು ಬಿಡು. ಆದ್ರೂ ಎದ್ಲಲ್ಲ. ಮಗು ರಾತ್ರಿ ಅಮ್ಮನ ಪಕ್ಕ ಮಲಗ್ತು. ಆ ಹುಡುಗಿ ಸಿಕ್ರೆ ಒಂದು ವಾಫಲ್ ಆದ್ರೂ ಪುಕ್ಕಟೆ ಕೊಡ್ತಿದ್ದೆ."

ಯೊರುನ್ ತಲೆಯಾಡಿಸಿದಳು. ಅದು ನಾನೇ ಎನ್ನಬಹುದಿತ್ತು. ಹೇಳಿದರೆ ಇನ್ನೊಂದು ಸಲ ಆ ಗಂಟಿಗೆ ಸಹಿ ಹಾಕಿದಂತೆ. ದುಡ್ಡು ಕೊಟ್ಟು ವಾಫಲ್ ತೆಗೆದುಕೊಂಡು ಕಿಟಕಿಯ ಬಳಿ ಕೂತಳು. ಹೆಂಗಸು ಸುಮ್ಮನೆ, ಯಾವ ಕಾರಣಕ್ಕೂ ಅಲ್ಲ, ಎರಡು ಚಮಚ ಜಾಮ್ ಹೆಚ್ಚಾಗಿ ಹಾಕಿದ್ದಳು. ಹಳದಿ ಬಣ್ಣದ ಕಾಡುಹಣ್ಣಿನ ಜಾಮ್, ಮನೆಯಲ್ಲಿ ಮಾಡಿದ್ದು. ತಿನ್ನುತ್ತ ತಿನ್ನುತ್ತ ಯೊರುನ್‌ಗೆ ಒಂದು ಸಣ್ಣ ಸಂಗತಿ ಕಾಣಿಸಿತು, ಇಷ್ಟು ಹೊತ್ತು ಎಲ್ಲಿತ್ತೋ. ತಾನು ಎದ್ದದ್ದು ಹೆದರಿಕೆಯಿಂದಲೇ ಇರಲಿ. ಆ ಮಗು ಮಾತ್ರ ಅಮ್ಮನ ಪಕ್ಕ ಮಲಗಿದ್ದು ನಿಜ. ತನ್ನ ಹೇಡಿತನ ಯಾವುದೋ ಮನೆಗೆ ಹೋಗಿ ಒಳ್ಳೆಯದಾಗಿ ನಿಂತಿತು, ತನ್ನನ್ನು ಕೇಳದೆ. ಅದಕ್ಕಾಗಿ ಯಾರಿಗೆ ಕೃತಜ್ಞಳಾಗಿರಬೇಕೋ ತಿಳಿಯಲಿಲ್ಲ, ಆದರೆ ಎದೆಯೊಳಗೆ ಕೃತಜ್ಞತೆಯಂಥದೇ ಒಂದು ಬಿಸುಪು ಇತ್ತು, ವಾಫಲಿನದೂ ಇರಬಹುದು. ಗಡಿಯಾರ ಹನ್ನೊಂದು ತೋರಿಸಿದಾಗ ಅವಳು ಹಡಗಿನ ಮೇಲಂತಸ್ತಿಗೆ ಹೋಗಿ ನಿಂತಳು. ಈಗ ಚರ್ಚಿನ ಗಂಟೆ ಹೊಡೆಯುತ್ತಿರುತ್ತದೆ. ಈಗ ಮಗ್ನ್‌ಹಿಲ್ಡ್ ತನ್ನ ಕಪ್ಪು ಕೋಟಿನ ಗುಂಡಿ ಹಾಕಿಕೊಂಡು ಎದ್ದಿರುತ್ತಾಳೆ, ಆ ಅಗಲವಾದ ತೋಳುಗಳಲ್ಲಿ ಮಗು, ಉದ್ದದ ಬಿಳಿಯ ಅಂಗಿ ಕೆಳಕ್ಕೆ ಇಳಿಬಿದ್ದು. ಚಳಿಗೆಂದು ಕಟ್ಟಿಕೊಂಡಿದ್ದ ತನ್ನ ಕೈಗಳು ಏನನ್ನೋ ಎತ್ತಿಕೊಂಡ ಹಾಗೆ ಬಾಗಿರುವುದನ್ನು ಕಂಡು, ಯಾರಾದರೂ ನೋಡಿಯಾರೆಂದು ಅವಳು ಬೇಗನೆ ಜೇಬಿಗೆ ಹಾಕಿಕೊಂಡಳು.

ಕಟ್ಟೆಯ ಮೇಲೆ ಪಾದ್ರಿ ತಮ್ಮ ಚೀಲ ಹಿಡಿದು ಹಡಗು ಹತ್ತಲು ನಿಂತಿದ್ದರು. ಇಳಿಯುವವಳನ್ನು ನೋಡಿ, ಗುರುತಿಲ್ಲದಿದ್ದರೂ, ಟೋಪಿ ಮುಟ್ಟಿದರು. ಅವರ ಹಿಂದೆ ಒಂದು ಹಳೆಯ ವ್ಯಾನು. ಅದಕ್ಕೆ ಒರಗಿ ನಿಂತಿದ್ದವನು ಬ್ಯಾಂಡೇಜಿನವನು. ಕೋರೆ ಎಂದು ಹೆಸರು ಹೇಳಿದ. ಅಂಗಿ ನಿನ್ನೆ ಸಂಜೆಯೇ ಮುಟ್ಟಿಸಿದೆ, ಕರೆದುಕೊಂಡು ಬರಲು ಸಿಸೆಲ್ಲೇ ಕಳಿಸಿದಳು ಎಂದ. ಒಂದೇ ಕೈಯಲ್ಲಿ ಗಾಡಿ ತಿರುಗಿಸುತ್ತ, ಒಣಗಲು ಹಾಕಿದ ಮೀನಿನ ಅಟ್ಟಣೆಗಳ ನಡುವೆ ಸ್ವಲ್ಪ ದೂರ ಹೋದ ಮೇಲೆ ಮತ್ತೆ ಬಾಯಿ ಬಿಟ್ಟ.

"ಪರವಾಗಿಲ್ಲ ಅನ್ನೋರ ಮಾತು ನಂಬ್ಕೊಂಡು ಬರ್ತೀಯಲ್ಲ, ನಿನ್ನ ಕೈಗೆ ಆದದ್ದು ತಲೆಗೂ ಆಗಿದ್ಯಾ ಅಂತ ಬೈದ್ಲು ನಿಮ್ಮಕ್ಕ. ಕೇಕ್ ಕೊಟ್ಟೇ ಬೈದ್ಲು, ಸುಳ್ಳು ಹೇಳಬಾರ್ದು."

ಯೊರುನ್ ನಗಲು ಹೋದಳು, ಆಗಲಿಲ್ಲ. ಮಗ್ನ್‌ಹಿಲ್ಡ್ ಹೇಗೆ ಎತ್ತಿಕೊಂಡರು, ಮಗು ಅತ್ತಿತೇ ಎಂದು ಕೇಳಿದಳು. ಅದನ್ನು ನಿಮ್ಮಕ್ಕನ ಬಾಯಲ್ಲೇ ಕೇಳು ಎಂದು ಕೋರೆ ಚರ್ಚಿನ ಪಕ್ಕದ ಸಭಾಂಗಣದ ಮುಂದೆ ಗಾಡಿ ನಿಲ್ಲಿಸಿದ.

ಬಾಗಿಲು ತೆರೆದವಳು ಮಗ್ನ್‌ಹಿಲ್ಡ್. ಕಪ್ಪು ಕೋಟು, ಕುತ್ತಿಗೆಯಲ್ಲಿ ಬೆಳ್ಳಿಯ ಪದಕ, ತುಟಿ ಬಿಗಿದುಕೊಂಡಿತ್ತು. ಬಂದ್ಯಾ, ಒಳಗೆ ಬಾ, ಕಾಫಿ ಆರುತ್ತೆ ಎಂದಷ್ಟೇ ಹೇಳಿ ಅವಳ ಒದ್ದೆ ಕೋಟನ್ನು ತಾನೇ ಬಿಚ್ಚಿ ಗೂಟಕ್ಕೆ ಹಾಕಿದಳು. ಸಭಾಂಗಣದ ತುಂಬ ಜನ, ಬಿಸಿ, ಕಾಫಿಯ ಹಬೆ. ಉದ್ದನೆಯ ಮೇಜಿನ ತುದಿಯಲ್ಲಿ ಸಿಸೆಲ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಜಾಗ ಸಾಲದೆ ಕೆಲವರು ಗೋಡೆಗೆ ಒರಗಿ ನಿಂತು ತಿನ್ನುತ್ತಿದ್ದರು. ಸಿಸೆಲ್‌ಳ ಪಕ್ಕದ ಕುರ್ಚಿ ಮಾತ್ರ ಖಾಲಿ, ಅದರ ಮುಂದೆ ಮುಟ್ಟದ ತಟ್ಟೆ, ಬೋರಲು ಹಾಕಿದ ಬಟ್ಟಲು. ಯೊರುನ್ ಬಾಗಿಲ ಹತ್ತಿರವೇ ಗೋಡೆ ಹುಡುಕಿದಳು. ಸಿಸೆಲ್ ಕಣ್ಣಲ್ಲೇ ಕುರ್ಚಿ ತೋರಿಸಿದಳು. ಬಂದು ಕೂತ ಮೇಲೂ ಸಿಸೆಲ್ ಅವಳತ್ತ ತಿರುಗಲಿಲ್ಲ, ಮೇಜನ್ನೇ ನೋಡುತ್ತ, ಅವಳಿಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ಮಗೂನ ಎತ್ಕೊಳ್ಳೋರು ಯಾರು ಅಂದ್ರು ಪಾದ್ರಿ. ಅತ್ತೆ ಎದ್ದು ನಿಂತ್ರು. ನಾನು ಕೂತ್ಕೊಳ್ಳಿ ಅಂದೆ. ಅದು ಯೊರುನ್ ಜಾಗ, ಅವಳು ದಾರೀಲಿದ್ದಾಳೆ, ಬರೋವರೆಗೂ ನಾನೇ ಎತ್ಕೊಂಡಿರ್ತೀನಿ ಅಂದೆ. ಇಡೀ ಚರ್ಚು ನೋಡ್ತಿತ್ತು. ಧರ್ಮತಾಯಿ ಅಂತ ನಿನ್ನ ಹೆಸರೇ ಓದಿದ್ರು, ನೀನು ಅಲ್ಲೇ ನಿಂತಿದ್ದ ಹಾಗೆ."

"ಮಗ್ನ್‌ಹಿಲ್ಡ್‌ಗೆ ಬೇಜಾರಾಗ್ಲಿಲ್ವಾ?"

"ಆಯ್ತು. ಆಗ್ಲಿ. ನಾಳಿದ್ದಕ್ಕೆ ಸರಿಹೋಗುತ್ತೆ." ಆಮೇಲೆ ಸಿಸೆಲ್ ತಿರುಗಿದಳು. ಅತ್ತಿದ್ದ ಕಣ್ಣು. "ಹಿಡ್ಕೋ. ಬೆಳಗ್ಗೆಯಿಂದ ಎತ್ಕೊಂಡು ತೋಳು ಬಿದ್ದುಹೋಯ್ತು ನಂಗೆ."

ಮಗು ಯೊರುನ್‌ಳ ತೋಳಿಗೆ ಬಂತು. ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಅಂಗೈಯಷ್ಟಿದ್ದದ್ದು ಈಗ ಗಟ್ಟಿಯಾಗಿ, ಹಾಲಿನ ವಾಸನೆಯಾಗಿ, ಅವಳ ಮೂಗನ್ನು ಹಿಡಿಯಲು ಕೈಚಾಚಿತು. ಏನಾದರೂ ಹೇಳಬೇಕಿತ್ತು. ನಿನ್ನೆಯಿಂದ ಸಿಕ್ಕವರೆಲ್ಲ ತನಗೆ ಹೇಳಿದ, ಉಪಕಾರವಾಯಿತು ಎಂಬ ಆ ಒಂದು ಮಾತನ್ನು ಈಗ ತಾನು ಹೇಳಬೇಕಿತ್ತು, ನಿಜವಾಗಿ ಸಲ್ಲಬೇಕಾದವಳಿಗೆ. ಬಾಯಿ ತೆರೆದರೆ ಅಳು ಬರುತ್ತದೆಂದು ಮಗುವಿನ ನೆತ್ತಿಗೆ ಮುಖ ಒತ್ತಿಕೊಂಡಳು. ಸಿಸೆಲ್ ಅವಳ ಬಟ್ಟಲನ್ನು ನೆಟ್ಟಗೆ ಮಾಡಿ ಕಾಫಿ ಬಗ್ಗಿಸಿದಳು, ಕೇಳದೆಯೇ ಎರಡು ಚಮಚ ಸಕ್ಕರೆ ಹಾಕಿದಳು.

ಆಗ ಒಬ್ಬ ಮುದುಕ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಅಲುಗುವ ತಟ್ಟೆ, ಮೇಜಿನ ಉದ್ದಕ್ಕೂ ಜಾಗ ಹುಡುಕುತ್ತ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಅವನು ಏನೂ ಕೇಳಲಿಲ್ಲ. ನಿಂತ ಅಷ್ಟೇ. ಯೊರುನ್‌ಳ ಮಂಡಿಗಳು ಆಗಲೇ ಗಟ್ಟಿಯಾಗಿದ್ದವು, ಪಾದಗಳು ನೆಲವನ್ನು ಒತ್ತಿದ್ದವು. ಸಿಸೆಲ್ ನೋಡಿದಳು, ತಡೆಯಲಿಲ್ಲ. ಮಗು ಅಂಗಿಯ ಅಂಚನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಯೊರುನ್ ಕತ್ತು ಹೊರಳಿಸಿ ಮುದುಕನ ಮುಖವನ್ನೇ ನೋಡಿದಳು.

"ಕಿಟಕಿ ಹತ್ರ ಒಂದು ಬೆಂಚಿದೆ ಅಜ್ಜ," ಎಂದಳು. "ಇದು ನನ್ನ ಕುರ್ಚಿ."

"ಹೌದಾ? ಕಂಡಿರ್ಲಿಲ್ಲ. ಉಪಕಾರ ಆಯ್ತು ಕಣಮ್ಮ," ಎಂದು ಮುದುಕ ತಟ್ಟೆ ಸರಿಮಾಡಿಕೊಂಡು ಕಿಟಕಿಯ ಕಡೆಗೆ ಹೋದ. ಅವಳು ಕೂತೇ ಇದ್ದಳು.